ಮೂಗನ ಓದು

ರೇಕ್ಯವಿಕ್
೧೨ ಸೆಪ್ಟೆಂಬರ್ ೧೯೬೨

ಪ್ರೀತಿಯ ಅಕ್ಕ ಯೋರುನ್,

ಪೆಟ್ಟಿಗೆ ತಲುಪಿತು. ಕರಾವಳಿಯ ಹಡಗಿನವರು ಅದನ್ನು ಉಪ್ಪುಮಾಂಸದ ಪೀಪಾಯಿಗಳ ಕೆಳಗೆ ತುರುಕಿ ತಂದಿದ್ದಾರೆ. ಅಪ್ಪನ ಪುಸ್ತಕಗಳೆಲ್ಲ ಈಗ ಕುರಿಯ ವಾಸನೆ ಹೊಡೆಯುತ್ತಿವೆ. ಮೊದಲು ಒಲೆಯ ಹೊಗೆಯ ವಾಸನೆ ಹೊಡೆಯುತ್ತಿದ್ದವು, ಆದ್ದರಿಂದ ನಷ್ಟವೆಂದು ಬರೆದುಕೊಳ್ಳುವಂಥದ್ದೇನೂ ಆಗಿಲ್ಲ.

ಅಪ್ಪ ತೀರಿಕೊಂಡ ಮೇಲೆ ಕಾಲ್ದವಿಕ್‌ನ ಮನೆ, ಹುಲ್ಲುಗಾವಲು, ಕುರಿಗಳು ನಿನಗೆ, ಪುಸ್ತಕದ ಪೆಟ್ಟಿಗೆ ನನಗೆ ಎಂದು ನಾನೇ ಒಪ್ಪಿಕೊಂಡಾಗ ಪಕ್ಕದ ಕೇಟಿಲ್ 'ಪಟ್ಟಣ ಸೇರಿ ಟೇಟುರ್‌ಗೆ ತಲೆ ಕೆಟ್ಟಿದೆ' ಎಂದನಂತೆ. ಮೀನು ಕೊಯ್ಯುವ ಮೇಜಿನಿಂದ ಎದ್ದು ಬಂದು, ಸತ್ತವರ ಮನೆಯ ಪುಸ್ತಕ ಕೊಂಡು ಬದುಕಿದ್ದವರಿಗೆ ಮಾರಿ, ಇಬ್ಬರು ಕೂರಬಹುದಾದ ಅಂಗಡಿ ಮಾಡಿದವನು ನಾನು. ತಲೆ ಕೆಟ್ಟಿದ್ದರೆ ಲಾಭದ ಕಡೆಗೇ ಕೆಟ್ಟಿದೆ ಎಂದು ಅವನಿಗೆ ಹೇಳು.

ಕೀರ್ತನೆಯ ಪುಸ್ತಕಗಳು ಹೋದವು. ಉಪದೇಶದ ಪುಸ್ತಕಗಳನ್ನು ಯಾರೂ ಮುಟ್ಟುವುದಿಲ್ಲ, ಅವನ್ನು ಕಿಟಕಿಯ ಗಾಳಿ ತಡೆಯಲು ಇಟ್ಟಿದ್ದೇನೆ. ಉಳಿದದ್ದು ನಮ್ಮ ಮೂಗ, ಯಾರಿಗೂ ಓದಲು ಬಾರದ ಆ ಹಳೆಯ ಕೈಬರಹದ ಪುಸ್ತಕ. ಅವನ ಚರ್ಮ ಒಳ್ಳೆಯದು, ಎಳೆಗರುವಿನದು, ಹೊಲಿಗೆ ಗಟ್ಟಿ, ಕಟ್ಟಿದ ಕೈ ತಿಳಿದ ಕೈ. ಹಿಂದಿನ ಹಾಳೆಯೊಂದರಲ್ಲಿ ಮುತ್ತಜ್ಜಿ ಚಪ್ಪಲಿಯ ಅಟ್ಟೆಗೆಂದು ಕತ್ತರಿಸಿಕೊಂಡ ಪಾದದ ಆಕಾರದ ತೂತು ಹಾಗೇ ಇದೆ. ಬರಹ ಮಾತ್ರ ಯಾರಿಗೂ ಬೇಡದ್ದು. ಕಲ್ಲಿನ ಮೇಲೆ ಕೊರೆಯುತ್ತಿದ್ದ ಹಳೆಯ ರೂನ್ ಲಿಪಿ ಅಲ್ಲ, ಲ್ಯಾಟಿನ್ ಅಲ್ಲ, ನಮ್ಮ ಹಿರಿಯರು ಮಾಟಮಂತ್ರಕ್ಕೆ ಬಳಸುತ್ತಿದ್ದ ಗುಟ್ಟಿನ ಅಕ್ಷರವೂ ಅಲ್ಲ. ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಕೈ, ಎಲ್ಲೂ ತಿದ್ದಿಲ್ಲ, ಎಲ್ಲೂ ತಡವರಿಸಿಲ್ಲ. ಬರೆದವನಿಗೆ ತಾನು ಏನು ಹೇಳುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು. ನನಗೆ ಇಷ್ಟವಾಗದಿರುವುದು ಅದೇ.

ಕೋಪನ್‌ಹೇಗನ್ನಿನ ಪ್ರೊಫೆಸರ್ ವಿಂಥರ್ ಎಂಬ ಹೆಂಗಸು ಇಂಥವನ್ನು ಓದಲು ಯತ್ನಿಸುತ್ತಾರೆ. ಮೂಗನನ್ನು ಅವರಿಗೆ ಕಳಿಸಿದ್ದೇನೆ. ಓದಿದರೆ ಬೆಲೆ ಒಂದು, ಓದಲಾಗದಿದ್ದರೆ ಬೆಲೆ ಇನ್ನೊಂದು. ಎರಡನೆಯದೇ ಹೆಚ್ಚು, ಜನ ಗೊತ್ತಿಲ್ಲದ್ದಕ್ಕೆ ಚೆನ್ನಾಗಿ ಕೊಡುತ್ತಾರೆ. ನಿಮ್ಮ ಮನೆಯಲ್ಲಿ ಇದನ್ನು ಏನು ಮಾಡುತ್ತಿದ್ದರು ಎಂದು ಅವರು ಕೇಳಿದ್ದರು. ನಾನು ಬರೆದದ್ದನ್ನು ಕೆಳಗೆ ನಕಲು ಮಾಡಿದ್ದೇನೆ, ತಪ್ಪಿದ್ದರೆ ತಿದ್ದು:

'ಚಳಿಗಾಲದ ಮೊದಲ ದಿನ ಸಂಜೆ ಯಜಮಾನ ಇದನ್ನು ತೊಡೆಯ ಮೇಲಿಟ್ಟು ಕೂರುತ್ತಾನೆ. ಓದಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಒಂದೊಂದು ಪುಟದ ಮೇಲೂ ಕಣ್ಣಿಟ್ಟು ಹಾಳೆ ತಿರುಗಿಸುತ್ತಾನೆ. ಮನೆಯವರು, ಆಳುಗಳು, ದೋಣಿಯ ಜೊತೆಗಾರರು ಸುತ್ತ ಕೂತು ಕೇಳುತ್ತಾರೆ. ಕೇಳಲು ಏನೂ ಇರುವುದಿಲ್ಲ. ಆ ಮೌನವನ್ನು ಮೊದಲು ಮುರಿದವನು, ಮಾತಾಡಲಿ, ಸೀನಲಿ, ಕೆಮ್ಮಲಿ, ಆ ಚಳಿಗಾಲ ಕಡಲಿಗೆ ಇಳಿಯುವಂತಿಲ್ಲ. ಮೂಗ ಅವನನ್ನು ದಡದಲ್ಲಿ ಇಟ್ಟುಕೊಂಡ ಎನ್ನುತ್ತಾರೆ. ಯಜಮಾನ ಪುಸ್ತಕ ಮುಚ್ಚುತ್ತಾನೆ. ಕಾಫಿ ಬರುತ್ತದೆ.'

ಇನ್ನು ಒಳ್ಳೆಯ ಸುದ್ದಿ. ನಿನ್ನ ಮಗ ದಾಗುರ್‌ಗೆ ಜಾಗ ಸಿಕ್ಕಿದೆ. ಕಪ್ತಾನ ಗ್ರೀಮುರ್‌ನ ಟ್ರಾಲರ್, ಗ್ರೀನ್‌ಲ್ಯಾಂಡಿನ ಕಡೆ ಮೀನು ಹಿಡಿಯಲು ಹೋಗುವ ದೊಡ್ಡ ಹಡಗು, ಜನವರಿಯಲ್ಲಿ ಹೊರಡುತ್ತದೆ. ಅಲ್ಲಿ ಜಾಗಕ್ಕಾಗಿ ಕಪ್ತಾನರ ಮಕ್ಕಳೇ ಸಾಲು ನಿಂತಿದ್ದಾರೆ. ಹೇಗೆ ಸಿಕ್ಕಿತು ಎಂದು ಕೇಳಬೇಡ. ಗ್ರೀಮುರ್‌ನ ಮಾವ ಹಳೆಯ ಭೂಪಟಗಳ ಹುಚ್ಚ. ಹತ್ತೊಂಬತ್ತು ವರ್ಷದ ಹುಡುಗ ಕುರಿಯ ಹಿಂದೆ ಎಷ್ಟು ದಿನ ತಿರುಗುತ್ತಾನೆ?

ನಿನ್ನ ತಮ್ಮ,
ಟೇಟುರ್


ಕಾಲ್ದವಿಕ್
೩೦ ಸೆಪ್ಟೆಂಬರ್ ೧೯೬೨

ಟೇಟುರ್,

ಕುರಿಗಳನ್ನು ಬೆಟ್ಟದಿಂದ ಇಳಿಸಿಯಾಯಿತು. ಎರಡು ಸಿಗಲಿಲ್ಲ. ಬೇಗ ಹಿಮ ಬಿದ್ದಿದೆ.

ಡೇನರು ನಮ್ಮನ್ನು ಆಳುವಾಗ ಕೋಪನ್‌ಹೇಗನ್ನಿಗೆ ಒಯ್ದ ಪುಸ್ತಕಗಳನ್ನು ಹಿಂದಕ್ಕೆ ಕೊಡಿ ಎಂದು ಇಡೀ ದೇಶ ಕೇಳುತ್ತಿರುವಾಗ ಉಳಿದ ಒಂದನ್ನು ಅಂಚೆಚೀಟಿ ಹಚ್ಚಿ ಅವರಿಗೇ ಕಳಿಸಿದವನು ನೀನೊಬ್ಬನೇ ಇರಬೇಕು. ರೇಡಿಯೋದವರಿಗೆ ಗೊತ್ತಾದರೆ ನಿನ್ನ ಹೆಸರು ಹೇಳುತ್ತಾರೆ. ಆಗ ಕೇಟಿಲ್‌ಗೆ ನಾನು ಏನನ್ನೂ ಹೇಳಬೇಕಾಗುವುದಿಲ್ಲ.

ಪೆಟ್ಟಿಗೆ ನಿನ್ನದು, ಒಪ್ಪಿದೆ. ಅಪ್ಪ ಮೂಗನನ್ನು ಆ ಪೆಟ್ಟಿಗೆಯಲ್ಲಿ ಇಡುತ್ತಿರಲಿಲ್ಲ, ತನ್ನ ಹಾಸಿಗೆಯ ಮೇಲಿನ ಹಲಗೆಯಲ್ಲಿ ಇಡುತ್ತಿದ್ದ. ಸಾಗಿಸುವ ದಿನ ನೀನೇ ಅದನ್ನು ತೆಗೆದು ಒಳಗೆ ಹಾಕಿದ್ದನ್ನು ನೋಡಿದೆ. ಏನೂ ಅನ್ನಲಿಲ್ಲ. ಈಗ ಅನ್ನುತ್ತಿದ್ದೇನೆ: ಚಳಿಗಾಲದ ಮೊದಲ ದಿನಕ್ಕೆ ಅದನ್ನು ಕಳಿಸು. ಆಮೇಲೆ ಬೇಕಾದರೆ ಡೇನರಿಗೆ ಕೊಡು, ರಾಜನಿಗೆ ಕೊಡು.

ನೀನು ಬರೆದದ್ದರಲ್ಲಿ ತಪ್ಪಿಲ್ಲ. ಆದರೆ ಪೂರ್ತಿಯೂ ಅಲ್ಲ.

ಜಾಗ ಸಿಕ್ಕಿದ ಸುದ್ದಿಯನ್ನು ದಾಗುರ್‌ಗೆ ಓದಿ ಹೇಳಿದೆ. 'ಮಾಮ ದೊಡ್ಡ ಮನಸ್ಸು ಮಾಡಿದ್ದಾನೆ' ಎಂದ. ಆಮೇಲೆ ಹೊರಗೆ ಹೋಗಿ, ನಿನ್ನೆಯೇ ಹೊಲಿದು ಮುಗಿಸಿದ್ದ ಬಲೆಯನ್ನು ಮತ್ತೆ ಬಿಚ್ಚಿ ಹೊಲಿಯಲು ಕೂತ. ವಸಂತದಲ್ಲಿ ಕೇಟಿಲ್‌ನ ದೋಣಿಯಲ್ಲಿ ಹೋಗಿ ಬಂದಾಗಿನಿಂದ ಅವನು ಕಡಲಿನ ಕಡೆಯ ಬಾಗಿಲಿನಿಂದ ಹೊರಗೆ ಹೋಗುವುದಿಲ್ಲ. ಸುತ್ತು ಹಾಕಿ ಕೊಟ್ಟಿಗೆಯ ಕಡೆಯಿಂದ ಹೋಗುತ್ತಾನೆ. ನಾನು ಕೇಳಿಲ್ಲ.

ಯೋರುನ್


ರೇಕ್ಯವಿಕ್
೯ ಅಕ್ಟೋಬರ್ ೧೯೬೨

ಪ್ರೀತಿಯ ಅಕ್ಕ,

ಕಳಿಸಲಾಗುವುದಿಲ್ಲ. ವಿಂಥರ್ ಈಗಷ್ಟೇ ಪುಟಗಳ ಫೋಟೋ ತೆಗೆಸುತ್ತಿದ್ದಾರೆ. ಅರ್ಧದಲ್ಲಿ ಕಿತ್ತುಕೊಂಡರೆ ಕೊಳ್ಳುವವರಿಗೆ ಅನುಮಾನ ಬರುತ್ತದೆ. ನಿನಗೆ ಒಂದು ಪುಸ್ತಕ ತಿರುಗಿಸಬೇಕು, ಅಷ್ಟೇ ತಾನೆ? ಯಾರೂ ಓದದ ಪುಸ್ತಕಕ್ಕೆ ಯಾವ ಪುಸ್ತಕವಾದರೇನು. ಪಂಚಾಂಗ ತಿರುಗಿಸು. ಅದರಲ್ಲಿ ಕನಿಷ್ಠ ಚಂದ್ರನ ಚಿತ್ರವಿದೆ.

ಮೂಗನ ತೀರ್ಪಿನ ಮೇಲೆ ನನಗೆ ಎಷ್ಟು ಗೌರವವಿದೆ ಎಂದು ನಿನಗೆ ಗೊತ್ತಲ್ಲ. ನನಗಾಗ ಹದಿನೇಳು. ದೋಣಿಯ ಮೀನಿನಲ್ಲಿ ಮೊದಲ ಪೂರ್ತಿ ಪಾಲು ಸಿಗಬೇಕಿದ್ದ ಚಳಿಗಾಲ. ಹಾಳಾದ ನೆಗಡಿಗೆ ಕೆಮ್ಮಿದೆ, ಅಪ್ಪ ಪುಸ್ತಕ ಮುಚ್ಚಿದ. ನಾನು ಹೆಂಗಸರ ಜೊತೆ ಕೂತು ಉಣ್ಣೆ ನೂತೆ. ದೋಣಿಗೆ ಏನಾಯಿತು? ಏನೂ ಆಗಲಿಲ್ಲ. ಈಸ್ಟರ್ ಹೊತ್ತಿಗೆ ಮೀನಿನ ಭಾರಕ್ಕೆ ಅಂಚಿನವರೆಗೆ ಮುಳುಗಿಕೊಂಡು ಬಂತು, ಹೋದವರೆಲ್ಲ ಕೈಗಡಿಯಾರ ಕೊಂಡರು. ನನ್ನ ಹತ್ತಿರ ಗಡಿಯಾರವಿಲ್ಲದ ಕೈ ಇತ್ತು. ಆ ಕೈಯನ್ನೇ ಬೀಸಿಕೊಂಡು ಊರು ಬಿಟ್ಟೆ. ಹಾಗೆ ನೋಡಿದರೆ ಈ ಅಂಗಡಿಯನ್ನು ಕೊಟ್ಟದ್ದು ಮೂಗನೇ, ಆದರೆ ಅವನಿಗೆ ಅದಕ್ಕಾಗಿ ಕೃತಜ್ಞತೆ ಹೇಳಲು ನಾನು ಬದ್ಧನಲ್ಲ.

ದಾಗುರ್ ಬಾಗಿಲಿನ ವಿಷಯ ಬರೆದಿದ್ದೀಯ. ಕೊಟ್ಟಿಗೆಯ ಕಡೆ ಗಾಳಿ ಕಡಿಮೆ, ಬುದ್ಧಿಯಿರುವ ಹುಡುಗ. ಒಂದು ಚಳಿಗಾಲ ಗ್ರೀಮುರ್‌ನ ಹಡಗಿನಲ್ಲಿ ಕಳೆದರೆ ಯಾವ ಬಾಗಿಲಿನಿಂದ ಬೇಕಾದರೂ ಎದೆಯೆತ್ತಿ ಹೋಗುತ್ತಾನೆ.

ಟೇಟುರ್


ಕಾಲ್ದವಿಕ್
೨೯ ಅಕ್ಟೋಬರ್ ೧೯೬೨

ಟೇಟುರ್,

ಶನಿವಾರ ಕೂತೆವು. ಪಂಚಾಂಗವನ್ನೇ ತೊಡೆಯ ಮೇಲೆ ಇಟ್ಟುಕೊಂಡೆ, ನೀನು ಹೇಳಿದ ಹಾಗೆ. ಕೇಟಿಲ್ ಹೆಂಡತಿಯ ಜೊತೆ ಬಂದಿದ್ದ. ನಾನು ಮೊದಲ ಹಾಳೆ ತಿರುಗಿಸುವ ಮುಂಚೆಯೇ 'ಯೋರುನಕ್ಕ, ಅಮಾವಾಸ್ಯೆ ಬಂದಾಗ ಒಂಚೂರು ಜೋರಾಗಿ ಓದು' ಎಂದ. ಎಲ್ಲರೂ ನಕ್ಕರು. ದಾಗುರ್ ಕೂಡ ನಕ್ಕ, ಎಲ್ಲರಿಗಿಂತ ತಡವಾಗಿ ನಿಲ್ಲಿಸಿದ.

ಆಮೇಲೆ ಕೇಟಿಲ್ ರೇಡಿಯೋ ಹಾಕೆಂದ. ರಷ್ಯನ್ನರೂ ಅಮೆರಿಕನ್ನರೂ ಎಲ್ಲೋ ಒಂದು ದ್ವೀಪಕ್ಕಾಗಿ ಜಗತ್ತನ್ನೇ ಸುಡುತ್ತಾರಂತೆ.

'ಇವತ್ತು ನಾವೆಲ್ಲ ಕೆಮ್ಮಬಹುದು ಬಿಡು,' ಎಂದ ಕೇಟಿಲ್, 'ದಡದಲ್ಲಿದ್ರೂ ಬೆಂದೇ ಹೋಗ್ತೀವಿ.'

'ಹಾಗಾದ್ರೆ ಸಾಲದ ಕಾಫಿ ಪುಡಿ ಈಗ್ಲೇ ವಾಪಸ್ ಕೊಡು,' ಎಂದಳು ಅವನ ಹೆಂಡತಿ, ನನ್ನ ಪರವಾಗಿ.

ಹಾಗೇ ಮಾತು, ಕಾಫಿ, ನಗು. ನಿಶ್ಶಬ್ದ ಆಗಲೇ ಇಲ್ಲ. ನಿಶ್ಶಬ್ದ ಇಲ್ಲದ ಮೇಲೆ ಅದನ್ನು ಮುರಿಯುವವರು ಯಾರು?

ಎಲ್ಲರೂ ಹೋದ ಮೇಲೆ ದಾಗುರ್ ಪಂಚಾಂಗವನ್ನು ತೆಗೆದು ಅಪ್ಪನ ಹಲಗೆಯ ಮೇಲೆ, ಮೂಗನ ಜಾಗದಲ್ಲಿ ಇಟ್ಟ. ಹೊರಳಿ ನೋಡದೆ ಮಲಗಿದ.

ಹೊಸ ವರ್ಷ ಕಳೆದ ಮೇಲೆ ಕರಾವಳಿಯ ಹಡಗು ಹತ್ತುತ್ತಾನೆ. ಹೊರಡುವ ಮುನ್ನ ನಿನ್ನ ಮನೆಯಲ್ಲಿ ಇರುತ್ತಾನೆ. ಅವನನ್ನು ಒಂದು ಸಂಜೆ ಸುಮ್ಮನೆ ಕೂರಿಸು. ನೀನೂ ಸುಮ್ಮನಿರು. ನಿನಗೆ ಅದು ಕಷ್ಟ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ.

ಯೋರುನ್


ರೇಕ್ಯವಿಕ್
೧೪ ಜನವರಿ ೧೯೬೩

ಪ್ರೀತಿಯ ಅಕ್ಕ,

ನಿನ್ನ ಮಗನನ್ನು ಹಡಗು ಹತ್ತಿಸಿದೆ. ಹೊಸ ಬೂಟು, ಎಣ್ಣೆ ಹಾಕಿದ ಕೋಟು, ನೀನು ಹೆಣೆದ ಸ್ವೆಟರ್. ಗ್ರೀಮುರ್ ನನ್ನ ಕೈ ಕುಲುಕಿ, 'ಟೇಟುರ್, ನಿನ್ನ ಹುಡುಗ ಗಟ್ಟಿ ಮರದಲ್ಲಿ ಮಾಡಿದ ಹಾಗಿದಾನೆ' ಎಂದ. ನನ್ನ ಹುಡುಗ ಎಂದದ್ದನ್ನು ನಾನು ತಿದ್ದಲಿಲ್ಲ. ಇದನ್ನು ನಿನಗೆ ಹೇಳಿಬಿಡಬೇಕು, ಯಾಕೆಂದರೆ ನನಗೆ ಮಕ್ಕಳಿಲ್ಲ, ಆ ಕ್ಷಣ ನನ್ನ ಎದೆ ಉಬ್ಬಿತ್ತು.

ನೀನು ಹೇಳಿದಂತೆ ಸುಮ್ಮನೆ ಕೂರಿಸಲು ಹೋಗಲಿಲ್ಲ, ಅವನದೇ ಮಾತು ಕಡಿಮೆ. ಹೊರಡುವ ಮುನ್ನಾದಿನದ ಊಟಕ್ಕೆ ನನ್ನ ಹೆಂಡತಿ ಸಿಗ್ನಿ ಕುರಿಯ ಸೂಪ್ ಮಾಡಿದ್ದಳು. ತಟ್ಟೆಯನ್ನು ನೋಡುತ್ತ ಕೇಳಿದ:

'ಮೂಗ ಎಲ್ಲಿದಾನೆ ಮಾಮ?'

'ಕೋಪನ್‌ಹೇಗನ್‌ನಲ್ಲಿ. ನನಗಿಂತ ಒಳ್ಳೇ ಕೋಣೇಲಿ ಇದಾನೆ, ಬೆಚ್ಚಗೆ.'

'ನಾನು ಹೊರಡೋದ್ರೊಳಗೆ ಬರಲ್ವಾ?'

'ಯಾಕೋ, ಓದ್ಬೇಕಿತ್ತಾ? ಪ್ರೊಫೆಸರಮ್ಮನಿಗೇ ಆಗ್ತಿಲ್ಲ.'

'ಓದಕ್ಕಲ್ಲ,' ಎಂದ. 'ಒಂದ್ಸಲ ಕೂತ್ಕೋಬೇಕಿತ್ತು ಅಷ್ಟೆ.'

'ಕೂತೇ ಇದೀಯಲ್ಲಪ್ಪ,' ಎಂದಳು ಸಿಗ್ನಿ. 'ಸೂಪ್ ಆರಿ ಕೊಬ್ಬು ಗಟ್ಟಿಯಾಗ್ತಿದೆ.'

ಅವನು ಚಮಚ ಕೆಳಗಿಟ್ಟ. ಏನೋ ಹೇಳುತ್ತಾನೆಂದು ನಾವಿಬ್ಬರೂ ಸುಮ್ಮನಾದೆವು. ಹೇಳಲಿಲ್ಲ. ಗಡಿಯಾರದ ಶಬ್ದ ಕೇಳುವಷ್ಟು ಸುಮ್ಮನಾಯಿತು. ಆಮೇಲೆ ಕೆಮ್ಮಿದ. ಕೆಮ್ಮಿ ನನ್ನ ಮುಖ ನೋಡಿದ. ಮತ್ತೆ ಕೆಮ್ಮಿದ.

'ಎದೆಗಿಳಿಯೋ ಮುಂಚೆ ಆ ಹುಡುಗನಿಗೆ ಏನಾದ್ರೂ ಕೊಡ್ರೀ,' ಎಂದಳು ಸಿಗ್ನಿ.

ನಾನು ಆ ಚಳಿಯಲ್ಲೇ ಮೂಲೆಯ ಅಂಗಡಿಗೆ ಓಡಿ ಅತಿಮಧುರದ ಗಂಟಲಗುಳಿಗೆಯ ಡಬ್ಬಿ ತಂದೆ, ದೊಡ್ಡದೇ. 'ತಗೋ,' ಎಂದೆ, 'ಗ್ರೀಮುರ್ ಮುಂದೆ ಕೆಮ್ಮಿದ್ರೆ ನಿನ್ನನ್ನೂ ಮೀನಿನ ಜೊತೆ ಉಪ್ಪು ಹಾಕಿಬಿಡ್ತಾನೆ.' ಅವನು ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. 'ಒಳ್ಳೇದು ಮಾಮ,' ಎಂದ. ಸೂಪ್ ಪೂರ್ತಿ ಕುಡಿದ.

ಬೆಳಗ್ಗೆ ಹಡಗುಕಟ್ಟೆಯಲ್ಲಿ, ಹಡಗು ಹತ್ತುವ ಹಲಗೆಯ ಮೇಲೆ ಕಾಲಿಟ್ಟವನು ನಿಂತು, ಎಲ್ಲರ ಮುಂದೆ ಇನ್ನೊಮ್ಮೆ ಕೆಮ್ಮಿದ. ಗ್ರೀಮುರ್ ಮೇಲಿನಿಂದ, 'ಕೆಮ್ಮೋರಿಗೆ ಇಲ್ಲಿ ಹಾಸಿಗೆ ಇಲ್ಲ ಕಣೋ' ಎಂದು ಕೂಗಿದ. ಹುಡುಗರೆಲ್ಲ ನಕ್ಕರು. ದಾಗುರ್ ಕೂಡ ನಕ್ಕ. ಡಬ್ಬಿ ತೆಗೆದು ಒಂದು ಗುಳಿಗೆ ಬಾಯಿಗೆ ಹಾಕಿಕೊಂಡು ನನ್ನ ಕಡೆ ಎತ್ತಿ ತೋರಿಸಿದ. ಆಮೇಲೆ ಹತ್ತಿದ.

ಚಿಂತೆ ಬೇಡ. ಗಂಟಲಿನ ಕೆಮ್ಮು, ಎದೆಯದಲ್ಲ.

ಟೇಟುರ್


ಕಾಲ್ದವಿಕ್
೨೧ ಜನವರಿ ೧೯೬೩

ಟೇಟುರ್,

ಅವನನ್ನು ದಡಕ್ಕೆ ಇಳಿಸು. ಹೇಗಾದರೂ ಇಳಿಸು. ನೀನು ಜಾಣ, ಎಲ್ಲರಿಂದ ಎಲ್ಲವನ್ನೂ ಪಡೆಯುತ್ತೀಯ.

ನಿನ್ನ ಪತ್ರವನ್ನು ಇಲ್ಲಿ ಒಬ್ಬಳೇ ಕೂತು ಓದಿದೆ. ಮೂರು ಕಡೆ ಅವನು ಕೆಮ್ಮಿದ್ದನ್ನು ನೀನೇ ನಿನ್ನ ಕೈಯಿಂದ ಬರೆದಿದ್ದೀಯ, ಬರೆದರೂ ನಿನಗೆ ಕೇಳಿಸಲಿಲ್ಲ.

ಪೂರ್ತಿಯಲ್ಲ ಎಂದಿದ್ದೆ. ಪೂರ್ತಿ ಇದು. ಆ ಪುಸ್ತಕ ಯಾರನ್ನೂ ಆರಿಸುವುದಿಲ್ಲ. ಚಳಿಗಾಲಕ್ಕೆ ಕಡಲಿಗೆ ಹೋಗಲು ಹೆದರಿದ ಗಂಡಸು ಈ ಕರಾವಳಿಯಲ್ಲಿ ಹಾಗೆಂದು ಬಾಯಿಬಿಟ್ಟು ಹೇಳಿ ಮತ್ತೆ ಇಲ್ಲೇ ಬದುಕಲಾರ. ಹೇಳಿದವನನ್ನು ಯಾರೂ ಬೈಯುವುದಿಲ್ಲ, ಮುಂದಿನ ವರ್ಷ ಯಾರೂ ಕರೆಯುವುದಿಲ್ಲ ಅಷ್ಟೆ, ಅವನ ಮಕ್ಕಳನ್ನೂ ಕರೆಯುವುದಿಲ್ಲ. ಆದರೆ ಕೆಮ್ಮು ಯಾರಿಗಾದರೂ ಬರುತ್ತದೆ. ಮೂಗ ಇಟ್ಟುಕೊಂಡ ಎನ್ನುತ್ತಾರೆ, ಕಾಫಿ ಕುಡಿಯುತ್ತಾರೆ, ಯಾಕೆಂದು ಕೇಳುವುದಿಲ್ಲ. ಅಪ್ಪ ಇದನ್ನು ನನಗೆ ಹೇಳಿಕೊಟ್ಟದ್ದಲ್ಲ. ಅವನ ಪಕ್ಕ ಎಷ್ಟೋ ವರ್ಷ ಕೂತು ಕಂಡುಕೊಂಡದ್ದು. ಬಾಯಲ್ಲಿ ಹೇಳಿದರೆ ಅದು ಕೆಲಸ ಮಾಡುವುದಿಲ್ಲ, ಅದಕ್ಕೇ ನಿನಗೂ ಹೇಳಿರಲಿಲ್ಲ.

ನಿನಗೆ ಗೊತ್ತಿರಬೇಕು ಎಂದುಕೊಂಡಿದ್ದೆ. ನಿನಗೆ ಹದಿನೇಳಾಗಿದ್ದಾಗ ನಿನ್ನ ಪಕ್ಕದಲ್ಲಿ ಕೂತಿದ್ದವಳು ನಾನು. ನಿನ್ನ ಮೊಣಕಾಲು ನನ್ನ ಮೊಣಕಾಲಿಗೆ ತಾಗಿ ನಡುಗುತ್ತಿತ್ತು. ನಿನಗೆ ನೆಗಡಿ ಇರಲಿಲ್ಲ, ಟೇಟುರ್.

ಯೋರುನ್


ರೇಕ್ಯವಿಕ್
೪ ಫೆಬ್ರವರಿ ೧೯೬೩

ಅಕ್ಕ,

ನೆಗಡಿಯ ವಿಷಯ ಹಾಗಿರಲಿ.

ಮಾಡಿದ್ದನ್ನು ಹೇಳುತ್ತೇನೆ. ಹಡಗಿನಲ್ಲಿ ಒಬ್ಬನ ಕೈ ಯಂತ್ರಕ್ಕೆ ಸಿಕ್ಕಿ, ಅವನನ್ನು ಇಳಿಸಲು ಅವರು ಪಶ್ಚಿಮದ ಬಂದರಿಗೆ ಬರುತ್ತಾರೆಂದು ಗೊತ್ತಾಯಿತು. ಕೂಡಲೇ ತಂತಿ ಕಳಿಸಿದೆ. ಅಂಗಡಿಯಲ್ಲಿ ಬೆನ್ನು ಹಿಡಿದುಕೊಂಡಿದೆ, ಪೆಟ್ಟಿಗೆ ಎತ್ತಲು ಜನವಿಲ್ಲ, ಬಂದರಿನಲ್ಲಿ ಇಳಿದು ಮನೆಗೆ ಬಾ, ಗ್ರೀಮುರ್‌ಗೆ ನಾನು ಹೇಳಿಕೊಳ್ಳುತ್ತೇನೆ ಎಂದು. ಒಳ್ಳೆಯ ಸುಳ್ಳು. ಇದಕ್ಕಿಂತ ಸಣ್ಣ ಸುಳ್ಳಿಗೆ ದೊಡ್ಡ ದೊಡ್ಡ ಲೈಬ್ರರಿಗಳು ಬಗ್ಗಿವೆ.

ಉತ್ತರ ಬಂತು: 'ಗಂಟಲು ಸರಿಹೋಗಿದೆ. ಗುಳಿಗೆ ಚೆನ್ನಾಗಿತ್ತು. ಮೀನು ಚೆನ್ನಾಗಿದೆ. ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳಿ. ದಾಗುರ್.'

ಎರಡನೆಯ ಸಲ ಓದಿದಾಗ ಹೊಳೆಯಿತು. ಹಡಗಿನಲ್ಲಿ ತಂತಿಗಳನ್ನು ಊಟದ ಮೇಜಿನ ಮುಂದೆ ಜೋರಾಗಿ ಓದುತ್ತಾರೆ, ಅದು ನನಗೆ ಗೊತ್ತಿತ್ತು, ಕಳಿಸುವಾಗ ನೆನಪಾಗಲಿಲ್ಲ. ಇಪ್ಪತ್ತಾರು ಗಂಡಸರ ಮುಂದೆ ಅವನ ಹೆಸರು ಹಿಡಿದು 'ಮನೆಗೆ ಬಾ ಮಗು' ಎಂದು ಕರೆದೆ. ಆಮೇಲೆ ಅವನು ಹೇಗೆ ಇಳಿಯುತ್ತಾನೆ? ಗ್ರೀಮುರ್ ಕೂಡ ಒಂದು ತಂತಿ ಹಾಕಿದ್ದಾನೆ: 'ಹುಡುಗನನ್ನು ಬಿಡಲ್ಲ, ಚಿನ್ನದಂಥವನು.' ಹಡಗು ಮತ್ತೆ ಹೊರಟಿದೆ.

ವಿಂಥರ್ ಬರೆದಿದ್ದಾರೆ. ಮೂಗನನ್ನು ಹಿಂದಕ್ಕೆ ಕಳಿಸಿದ್ದಾರೆ, ನಾನೇ ಕೇಳಿದ್ದೆ. ಅವರ ಮಾತು ಇದು: 'ಬರಹದಲ್ಲಿ ಭಾಷೆ ಇದೆಯೋ ಇಲ್ಲವೋ ಹೇಳಲಾರೆ, ಇನ್ನು ಐವತ್ತು ವರ್ಷ ಬಿಟ್ಟು ಯಾರಾದರೂ ಹೇಳಬಹುದು. ಆದರೆ ಒಂದು ವಿಷಯ ಗಮನಿಸಿದೆ. ಪಾದದ ಆಕಾರ ಕತ್ತರಿಸಿದ ಹಾಳೆಗಿಂತ ಸ್ವಲ್ಪ ಮುಂಚೆ ಒಂದು ಹಾಳೆಯ ಅಂಚು ಉಳಿದವಕ್ಕಿಂತ ಬಹಳ ಕಪ್ಪಾಗಿದೆ, ಹೆಬ್ಬೆರಳಿನ ಜಿಡ್ಡಿನಿಂದ. ತಲೆಮಾರುಗಳಿಂದ ಓದುವವರು ಅಲ್ಲೇ ಹೆಚ್ಚು ಹೊತ್ತು ನಿಂತಿದ್ದಾರೆ. ಮುಖ್ಯವಾದ ಮಾತು ಅಲ್ಲಿದೆ ಎಂದು ನನಗೆ ಅನ್ನಿಸುತ್ತದೆ.'

ಸರಿಯಾಗಿಯೇ ಹೇಳಿದ್ದಾರೆ. ಆ ಹಾಳೆಗೆ ಬಂದಾಗ ಅಪ್ಪ ತಿರುಗಿಸದೆ ನಿಲ್ಲುತ್ತಿದ್ದ. ಅವನಿಗೆ ಕಣ್ಣು ಮಂಜಾಗಿದೆ ಎಂದುಕೊಂಡಿದ್ದೆ. ಈಗ ಲೆಕ್ಕ ಹಾಕಿದರೆ, ನನಗೆ ಹದಿನೇಳಾಗಿದ್ದಾಗ ಅಪ್ಪನಿಗೆ ಇನ್ನೂ ನಲವತ್ತು. ಅವನ ಕಣ್ಣಿಗೆ ಏನೂ ಆಗಿರಲಿಲ್ಲ. ಕಾಯುತ್ತಿದ್ದ.

ಇಲ್ಲಿ ಉತ್ತರದ ಗಾಳಿ ಎದ್ದಿದೆ. ಕಿಟಕಿಗೆ ಇಟ್ಟ ಉಪದೇಶದ ಪುಸ್ತಕಗಳು ಸಾಲುತ್ತಿಲ್ಲ.

ಟೇಟುರ್


ರೇಕ್ಯವಿಕ್
೧೯ ಫೆಬ್ರವರಿ ೧೯೬೩

ಅಕ್ಕ,

ಈ ಪತ್ರಕ್ಕಿಂತ ಮೊದಲು ಪಾದ್ರಿ ಹಡಗಿನ ಸುದ್ದಿ ಹೊತ್ತು ನಿನ್ನ ಮನೆಗೆ ಬಂದಿರುತ್ತಾನೆ. ಆದ್ದರಿಂದ ಸುದ್ದಿಯನ್ನು ನಾನು ಬರೆಯುವುದಿಲ್ಲ. ಇಲ್ಲಿ ನಡೆದದ್ದನ್ನು ಬರೆಯುತ್ತೇನೆ, ಅದನ್ನು ಪಾದ್ರಿ ಹೇಳಲಾರ.

ಬಿರುಗಾಳಿ ಆರಂಭವಾದ ದಿನವೇ ಮೂಗ ಅಂಚೆಯಲ್ಲಿ ಬಂದಿದ್ದ. ಹಡಗುಗಳ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ, ಹಗ್ಗಗಳು ಮನುಷ್ಯನ ತೊಡೆಯಷ್ಟು ದಪ್ಪವಾಗಿವೆ, ಒಡೆದಷ್ಟೂ ಮತ್ತೆ ಕಟ್ಟುತ್ತಿದೆ ಎಂದು ರೇಡಿಯೋದಲ್ಲಿ ಹೇಳಿದರು. ಆಮೇಲೆ ಒಂದೊಂದಾಗಿ ಹಡಗುಗಳು ಉತ್ತರ ಕೊಟ್ಟವು. ಗ್ರೀಮುರ್‌ನದು ಕೊಡಲಿಲ್ಲ.

ಹಡಗಿನ ಮಾಲೀಕರ ಕಚೇರಿಯಲ್ಲಿ ಹೆಂಗಸರು ಕಾಯುತ್ತಾರೆಂದು ಕೇಳಿ ನಾನೂ ಹೋದೆ. ಮೂಗನನ್ನು ಕಂಕುಳಲ್ಲಿ ಹಿಡಿದುಕೊಂಡು ಹೋದೆ. ಯಾಕೆ ಎಂದು ಸಿಗ್ನಿ ಕೇಳಲಿಲ್ಲ. ಹೆಂಡತಿಯರು, ತಾಯಂದಿರು, ಗ್ರೀಮುರ್‌ನ ಭೂಪಟದ ಮಾವ. ಎಲ್ಲರೂ ಮಾತಾಡುತ್ತಿದ್ದರು, ರೇಡಿಯೋ ಕೆಟ್ಟಿರಬಹುದು, ಮಂಜುಗಡ್ಡೆಯ ಮರೆಗೆ ಹೋಗಿರಬಹುದು, ಹಿಂದೆ ಒಮ್ಮೆ ಹೀಗೇ ಆಗಿ ಬಂದಿದ್ದರು ಎಂದು. ನಾನು ಗೋಡೆಯ ಬದಿಗೆ ಕೂತು ಪುಸ್ತಕ ತೊಡೆಯ ಮೇಲಿಟ್ಟು ಬಿಚ್ಚಿದೆ. ಪಕ್ಕದಲ್ಲಿದ್ದವಳು ಬಗ್ಗಿ ನೋಡಿದಳು.

'ಯಾವ ಭಾಷೆ ಅದು?'

'ಗೊತ್ತಿಲ್ಲ.'

'ಏನಂತ ಬರ್ದಿದೆ?'

'ಗೊತ್ತಿಲ್ಲಮ್ಮ. ನಮ್ಮನೇಲಿ ಓದ್ತಿದ್ರು.'

ಹುಚ್ಚ ಎನ್ನುತ್ತಾಳೆಂದುಕೊಂಡೆ. ಅವಳು ಸ್ವಲ್ಪ ಸರಿದು ಹತ್ತಿರ ಕೂತಳು. ನಾನು ಹಾಳೆ ತಿರುಗಿಸಿದೆ. ಅಪ್ಪನ ಹಾಗೆ, ಓದುವಷ್ಟು ಹೊತ್ತು ಕಣ್ಣಿಟ್ಟು. ಮಾತು ಒಬ್ಬೊಬ್ಬರಲ್ಲೇ ನಿಂತಿತು. ಕೊನೆಗೆ ಇಡೀ ಕೋಣೆ ಆ ಹಾಳೆಗಳ ಶಬ್ದ ಕೇಳುತ್ತಿತ್ತು. ಯಾರೂ ಕೆಮ್ಮಲಿಲ್ಲ. ಚಳಿಗಾಲದ ಮಧ್ಯದಲ್ಲಿ ಅಷ್ಟು ಜನ ಹೆಂಗಸರು, ಒಬ್ಬರೂ ಕೆಮ್ಮಲಿಲ್ಲ. ಏನು ಮಾಡುತ್ತಿದ್ದೇವೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ ಅವರಿಗೆ.

ಕಪ್ಪು ಅಂಚಿನ ಹಾಳೆಗೆ ಬಂದೆ. ಅಪ್ಪನ ಹೆಬ್ಬೆರಳು ಇದ್ದಲ್ಲಿ ನನ್ನ ಹೆಬ್ಬೆರಳು ಇಟ್ಟೆ. ಸರಿಯಾಗಿ ಕೂತಿತು. ನಿಂತೆ.

ಬಾಗಿಲು ತೆರೆಯಿತು. ಗುಮಾಸ್ತ, ಕೈಯಲ್ಲಿ ಕಾಗದ. ಎಲ್ಲರ ಮುಖ ನೋಡಿದ. ಮಾತಾಡುವ ಮುನ್ನ ಗಂಟಲು ಸರಿಮಾಡಿಕೊಂಡ, ಕೆಮ್ಮಿದ.

ನಾನು ಪುಸ್ತಕ ಮುಚ್ಚಿದೆ.

ಮೂಗನನ್ನು ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ. ಪೀಪಾಯಿಗಳ ಕೆಳಗಲ್ಲ, ಕಪ್ತಾನನ ಕೋಣೆಯಲ್ಲಿ. ಹಲಗೆಯ ಮೇಲೆ ಇಡು. ನಮ್ಮ ಆಸ್ತಿ ಪಾಲಿನ ಕಾಗದದಲ್ಲಿ ಏನೇ ಬರೆದಿರಲಿ, ಮೂಗ ಆ ಪೆಟ್ಟಿಗೆಗೆ ಸೇರಿದವನಲ್ಲ.

ನನಗೆ ನೆಗಡಿ ಇರಲಿಲ್ಲ.

ಟೇಟುರ್


ಕಾಲ್ದವಿಕ್
೨೭ ಅಕ್ಟೋಬರ್ ೧೯೬೩

ಟೇಟುರ್,

ನೀನು ಬರೆದ ಪತ್ರಗಳೆಲ್ಲ ಬಂದಿವೆ. ಉತ್ತರ ಬರೆಯಲಿಲ್ಲ. ವಸಂತದಲ್ಲಿ ಕೈಗೆ ಕೆಲಸ ಇತ್ತು, ಬೇಸಿಗೆಯಲ್ಲಿ ಹುಲ್ಲು. ಈಗ ಕಾಗದ ಎದುರಿಗಿದೆ.

ಈ ಮನೆಯಿಂದ ಕಡಲಿಗೆ ಹೋಗುವವರು ಯಾರೂ ಇಲ್ಲ. ಕೂರಬೇಕೋ ಬೇಡವೋ ಎಂದು ನಿನ್ನೆ ಸಂಜೆಯವರೆಗೆ ನನಗೆ ತಿಳಿದಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಾಗಿಲು ತಟ್ಟಿದ ಶಬ್ದ. ಕೇಟಿಲ್, ಹೆಂಡತಿ, ಅವನ ದೋಣಿಯ ಮೂವರು. ಕೇಟಿಲ್ ಈ ಚಳಿಗಾಲ ದಕ್ಷಿಣದ ದೊಡ್ಡ ಹಡಗೊಂದಕ್ಕೆ ಹೆಸರು ಕೊಟ್ಟಿದ್ದಾನೆ ಎಂದು ಊರಿಗೆಲ್ಲ ಗೊತ್ತು. ಟೋಪಿ ಕೈಯಲ್ಲಿ ಹಿಡಿದು ನಿಂತ.

'ಯೋರುನಕ್ಕ, ಪುಸ್ತಕ ಬಂದಿದೆಯಂತೆ.'

'ಬಂದಿದೆ.'

'ಸುಮ್ನೆ ಬಂದ್ವಿ. ಕಾಫಿ ಇದ್ರೆ.'

'ಆಮೇಲೆ,' ಎಂದೆ.

ಅವರು ಗೋಡೆಯುದ್ದಕ್ಕೂ ಕೂತರು. ರೇಡಿಯೋದ ಕಡೆ ಯಾರೂ ನೋಡಲಿಲ್ಲ. ದಾಗುರ್ ಕೂರುತ್ತಿದ್ದ ಜಾಗವನ್ನು ಖಾಲಿ ಬಿಟ್ಟರು, ಯಾರೂ ಹೇಳದೆ. ನಾನು ಹಾಳೆ ತಿರುಗಿಸಿದೆ. ನಿನ್ನ ಅಂಗಡಿಯ ಅಂಟಿನ ವಾಸನೆ ಇನ್ನೂ ಇದೆ ಅದರಲ್ಲಿ, ಕುರಿಯ ವಾಸನೆಯೂ. ಅಕ್ಷರಗಳು ಹಾಗೇ ಇವೆ, ನಮ್ಮ ಕಡೆ ನೋಡುವುದಿಲ್ಲ.

ಕಪ್ಪು ಅಂಚಿಗೆ ಬಂದು ನಿಂತೆ. ದೀಪದ ಬತ್ತಿ ಕುಗ್ಗಿತು, ನಾನು ಎತ್ತರಿಸಲಿಲ್ಲ. ಹೊರಗೆ ಕಡಲು ಬಂಡೆಗಳನ್ನು ಎಳೆಯುತ್ತಿತ್ತು. ನಾನು ಯಾರ ಮುಖವನ್ನೂ ನೋಡಲಿಲ್ಲ, ಅಪ್ಪನೂ ನೋಡುತ್ತಿರಲಿಲ್ಲ. ಇಡೀ ರಾತ್ರಿ ನಿಲ್ಲಬೇಕಾದರೂ ನಿಲ್ಲೋಣ ಎಂದುಕೊಂಡೆ.

ಕೇಟಿಲ್ ಕೆಮ್ಮಿದ.

ಪುಸ್ತಕ ಮುಚ್ಚಿದೆ. ಅವನ ಹೆಂಡತಿ ಎದ್ದು ಹೋಗಿ ಕಾಫಿ ತಂದಳು. ಬಟ್ಟಲು ತುಂಬಿ ತಟ್ಟೆಗೆ ಚೆಲ್ಲುವವರೆಗೂ ಸುರಿದಳು. ಅವನು ಬಟ್ಟಲು ಎತ್ತಿ ತಟ್ಟೆಯಲ್ಲಿದ್ದದ್ದನ್ನೂ ಕುಡಿದ. ಹುಲ್ಲಿನ ಮಾತು, ಹವೆಯ ಮಾತು ಆಡಿದೆವು. ಅವನಿಗೆ ನಿಜವಾಗಿಯೂ ನೆಗಡಿ ಇತ್ತೋ ಏನೋ.

ಯಾರೂ ಕೇಳಲಿಲ್ಲ.

ನಿನ್ನ ಅಕ್ಕ,
ಯೋರುನ್